ಇದು ಯಾರ ಪೈಕಿ? – ಕಾಡುಗಿಡಗಳ ನೆಂಟಸ್ತಿಕೆ



ಪರದೇಶದಲ್ಲಿ ಕನ್ನಡದವರೊಬ್ಬರು ಹೊಸದಾಗಿ ಸಿಕ್ಕರೆ ನಾವು ಮೊದಲು ಕೇಳುವುದು "ಯಾವ ಊರು?" ಎಂದು. ಹಾಸನ ಎಂದರೆ "ಹಾಸನದಲ್ಲಿ ಎಲ್ಲಿ?", ಅದಾದ ಮೇಲೆ "ಯಾರ ಪೈಕಿ?". ನಾಲ್ಕು ಪ್ರಶ್ನೆ ಮುಗಿಯುವಷ್ಟರಲ್ಲಿ ಅವರು ನಮ್ಮ ಚಿಕ್ಕಮ್ಮನ ನಾದಿನಿಯ ಎದುರುಮನೆಯವರು ಎಂಬಲ್ಲಿಗೆ ಮಾತು ಬಂದು ನಿಂತಿರುತ್ತದೆ! ಹೆಸರು ಮರೆತುಹೋದರೂ ಆ ನಂಟು ಮರೆಯುವುದಿಲ್ಲ. ನಮ್ಮ ಕೂಟದ ಆರು ಮಂದಿ ಈಗ ಎರಡು ವಸಂತಗಳಿಂದ ಇದೇ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದ ಗುಡ್ಡದ ಗಿಡಗಳಿಗೆ ಕೇಳುವುದನ್ನು ಕಲಿಯುತ್ತಿದ್ದೇವೆ. "ನೀವು ಶನಿವಾರ ಬೆಳಿಗ್ಗೆ ಭೂತಗನ್ನಡಿ ಹಿಡಿದು ಎಲ್ಲಿಗೆ ಹೋಗುತ್ತೀರಿ?" ಎಂದು ಕೂಟದಲ್ಲಿ ಹಲವರು ವಿಚಾರಿಸಿದ್ದರಿಂದ ಈ ಲೇಖನ.

ಇದು ಶುರುವಾದದ್ದು ಆಸಕ್ತಿಯಿಂದಲ್ಲ, ಹೆದರಿಕೆಯಿಂದ. ನಮ್ಮ ಗುಂಪಿನ ಗೆಳೆಯರೊಬ್ಬರ ತಾಯಿ ಹಾಸನದ ಕಡೆಯ ಹಳ್ಳಿಯಿಂದ ಆರು ತಿಂಗಳು ಇದ್ದುಹೋಗಲು ಬಂದಿದ್ದರು. ನಮಗೆಲ್ಲರಿಗೂ ಅವರು ಅಮ್ಮನೇ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೊರಟ ಮೇಲೆ ಮನೆಯ ಹಿಂದಿನ ತೊರೆಯ ದಂಡೆಯಲ್ಲಿ ಒಂದು ಸುತ್ತು ನಡೆದು ಬರುವುದು ಅವರ ಅಭ್ಯಾಸ. ಊರಿನಲ್ಲಿ ಮಳೆ ಬಿದ್ದು ಹೊಲದ ಬದುವಿನಲ್ಲಿ ಹಸಿರು ಚಿಗುರಿತೆಂದರೆ ಮಡಿಲು ಕಟ್ಟಿಕೊಂಡು ಹೋಗಿ ಅಣ್ಣೆ, ಗಣಿಕೆ, ಗೋಣಿ, ಹೊನಗೊನ್ನೆ ಎಂದು ಹತ್ತು ಬಗೆ ಸೊಪ್ಪು ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡಿದ ಕೈ ಅದು. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ತೊರೆಯ ಪಕ್ಕದಲ್ಲಿ, ಕೊತ್ತಂಬರಿಯಂತೆ ಸೀಳು ಸೀಳಾದ ಎಲೆಯ ಎಳೆಯ ಗಿಡಗಳು ಸೊಂಪಾಗಿ ಬೆಳೆದದ್ದು ಅವರ ಕಣ್ಣಿಗೆ ಬಿತ್ತು. ಎರಡು ಹಿಡಿ ಕಿತ್ತು ತಂದರು. ಬೇಳೆ ಕುಕ್ಕರಿನಲ್ಲಿತ್ತು, ಸೊಪ್ಪು ತೊಳೆದು ಈಳಿಗೆಮಣೆಯ ಪಕ್ಕದಲ್ಲಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ವೃದ್ಧೆಯೊಬ್ಬರು ಏನೋ ಕೊಡಲು ಬಂದವರು ಆ ಸೊಪ್ಪಿನ ದಂಟಿನ ಮೇಲಿದ್ದ ನೇರಳೆ ಮಚ್ಚೆಗಳನ್ನು ನೋಡಿ ಗಾಬರಿಯಾಗಿ "ನೋ, ನೋ" ಎಂದು ಕೈ ಅಡ್ಡ ಹಿಡಿದರು.

ಅದು ಪಾಯ್ಸನ್ ಹೆಮ್ಲಾಕ್. ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ಕುಡಿಸಿದ್ದು ಇದೇ ಗಿಡದ ವಿಷ ಎಂದು ಪ್ರತೀತಿ. ಯೂರೋಪಿನ ಕಡೆಯಿಂದ ಅಮೆರಿಕಕ್ಕೆ ಬಂದು ರಸ್ತೆ ಬದಿ, ತೊರೆ ಬದಿಯಲ್ಲೆಲ್ಲ ಹಬ್ಬಿದೆ. ಬೇರು, ಎಲೆ, ಹೂ, ಬೀಜ ಎಲ್ಲವೂ ವಿಷ. ಅದರಲ್ಲಿರುವ ಕೊನೈನ್ ಎಂಬ ವಸ್ತು ಸ್ನಾಯುಗಳನ್ನು ಒಂದೊಂದಾಗಿ ನಿಶ್ಚೇಷ್ಟಗೊಳಿಸಿ ಕೊನೆಗೆ ಉಸಿರಾಟವನ್ನೇ ನಿಲ್ಲಿಸಬಲ್ಲದು. ಆ ದಿನ ಯಾರೂ ಏನೂ ತಿನ್ನಲಿಲ್ಲ, ದೇವರ ದಯೆ. ಆದರೆ ಅಮ್ಮ ಮಾತ್ರ ಮಂಕಾಗಿಬಿಟ್ಟರು. "ಅರವತ್ತು ವರ್ಷ ಸೊಪ್ಪು ಕಿತ್ತವಳು ನಾನು. ಇಲ್ಲಿ ಒಂದು ಎಲೆನೂ ನಂಗೆ ಗೊತ್ತಿಲ್ಲ ಅಂತಾಯ್ತಲ್ಲಪ್ಪ" ಎಂದರು. ಮಾರನೆಯ ದಿನದಿಂದ ವಾಕಿಂಗ್ ನಿಂತುಹೋಯಿತು. ಟಿ.ವಿ. ಮುಂದೆ ಕುಳಿತರು.

ನಮಗೂ ನಾಚಿಕೆಯಾಯಿತು. ಹದಿನೈದು ಇಪ್ಪತ್ತು ವರ್ಷ ಈ ನೆಲದಲ್ಲಿ ಬಾಳಿದ್ದೇವೆ, ಮನೆ ಕೊಂಡಿದ್ದೇವೆ, ಮಕ್ಕಳನ್ನು ಬೆಳೆಸಿದ್ದೇವೆ. ಬಾಗಿಲಾಚೆ ಬೆಳೆಯುವ ಗಿಡಗಳಲ್ಲಿ ಒಂದರ ಪರಿಚಯವೂ ಇಲ್ಲ! ಫೋನಿನಲ್ಲಿ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳು ಈಗ ಇವೆ, ನಿಜ. ಆದರೆ ಅವು ಕೆಲವೊಮ್ಮೆ ತಪ್ಪು ಹೇಳುತ್ತವೆ, ಎಳೆಯ ಗಿಡಗಳ ವಿಷಯದಲ್ಲಂತೂ ನೆಚ್ಚುವ ಹಾಗಿಲ್ಲ. ಸರಿಯಾಗಿ ಹೇಳಿದರೂ ಆ ಹೆಸರು ಸಂಜೆಯೊಳಗೆ ಮರೆತುಹೋಗಿರುತ್ತದೆ. ಹಾಗಾಗಿ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಶನಿವಾರ ನಡೆಯುವ ಸಸ್ಯಶಾಸ್ತ್ರದ ತರಗತಿಗೆ ಸೇರಿದೆವು.

ಮೊದಲ ದಿನವೇ ನಮ್ಮ ಟೀಚರ್ ಹೇಳಿದ್ದು: "ಹೆಸರಿನ ಹಿಂದೆ ಓಡಬೇಡಿ. ಕುಟುಂಬ ಹಿಡಿಯಿರಿ." ಹೂ ಬಿಡುವ ಸಸ್ಯಗಳು ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜಾತಿ ಇವೆ. ಒಂದೊಂದನ್ನೇ ಕಲಿಯುತ್ತ ಕುಳಿತರೆ ಏಳು ಜನ್ಮ ಸಾಲದು. ಆದರೆ ಅಷ್ಟೂ ಸಸ್ಯಗಳನ್ನು ವಿಜ್ಞಾನಿಗಳು ಸುಮಾರು ನಾನ್ನೂರು ಕುಟುಂಬಗಳಲ್ಲಿ ಕೂರಿಸಿದ್ದಾರೆ. 2016ರ ಪಟ್ಟಿಯ ಪ್ರಕಾರ 416. ಅವುಗಳಲ್ಲಿ ಹತ್ತು ಹದಿನೈದನ್ನು ಗುರುತಿಸಲು ಬಂದರೆ ನಮ್ಮ ಸುತ್ತಲಿನ ಗುಡ್ಡಗಳಲ್ಲಿ ವಸಂತದಲ್ಲಿ ಕಾಣುವ ಹೂಗಳಲ್ಲಿ ಬಹುಪಾಲಿನ ಮನೆತನ ಗೊತ್ತಾದಂತೆಯೇ. ಗಿಡಗಳನ್ನು ಹೀಗೆ ಕುಟುಂಬಗಳೆಂದು ನೋಡುವ ಆಲೋಚನೆ ಹಳೆಯದು. ಫ್ರಾನ್ಸಿನ ಪಿಯರ್ ಮ್ಯಾಗ್ನೋಲ್ 1689ರಲ್ಲಿ ಇದನ್ನು ಮುಂದಿಟ್ಟ. ಮ್ಯಾಗ್ನೋಲಿಯಾ ಹೂವಿಗೆ ಹೆಸರು ಬಂದದ್ದು ಅವನಿಂದಲೇ. ನೂರು ವರ್ಷದ ನಂತರ, 1789ರಲ್ಲಿ, ಅದೇ ದೇಶದ ಜ್ಯೂಸ್ಯೂ ಆಗ ಗೊತ್ತಿದ್ದ ಸಸ್ಯಗಳನ್ನು ನೂರು ಗುಂಪುಗಳಾಗಿ ಜೋಡಿಸಿದ. ಈಚೆಗೆ ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ ಕೆಲವು ಮನೆತನಗಳು ಪಾಲಾದವು, ಕೆಲವು ಒಂದಾದವು. ಪಿಯುಸಿಯಲ್ಲಿ ನಾವು ಓದಿದ್ದ ಲಿಲಿಯೇಸಿ ಎಂಬ ದೊಡ್ಡ ಅವಿಭಕ್ತ ಕುಟುಂಬ ಈಗ ಒಡೆದು ಹಲವು ಮನೆಗಳಾಗಿದೆ!

ಪಿಯುಸಿ ಎಂದಾಗ ನೆನಪಾಯಿತು. ನಮ್ಮಲ್ಲಿ ಮೂವರು ಸೈನ್ಸ್ ಓದಿದವರು. ಮಾಲ್ವೇಸಿ, ಸೊಲನೇಸಿ ಎಂದು ಉರು ಹೊಡೆದು, ಪುಷ್ಪಸೂತ್ರ ಬರೆದು, ಹೂವಿನ ಚಿತ್ರಕ್ಕೆ ಬಣ್ಣದ ಪೆನ್ಸಿಲ್ ತುಂಬಿ ಅಂಕ ತೆಗೆದವರು. ಆದರೆ ಕಾಲೇಜಿನ ಕಾಂಪೌಂಡಿನ ದಾಸವಾಳವನ್ನು ಒಂದು ದಿನವಾದರೂ ಬಿಡಿಸಿ ನೋಡಿದ್ದೆವೇ ಎಂದರೆ, ಇಲ್ಲ. ಇಲ್ಲಿ ನಮ್ಮ ಕೈಗೆ ಬಂದದ್ದು ಒಂದು ಹೂ, ಒಂದು ಸೂಜಿ, ಒಂದು ಬ್ಲೇಡು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಪುಟ್ಟ ಮಸೂರ. ಎಸಳು ಎಷ್ಟು? ಬಿಡಿಬಿಡಿಯೋ, ಅಂಟಿಕೊಂಡಿವೆಯೋ? ಕೇಸರ ಎಷ್ಟು? ಎಲೆಗಳು ಎದುರುಬದುರೋ, ಒಂದು ಬಿಟ್ಟು ಒಂದೋ? ಇಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ.

ಇನ್ನೊಂದು ಪ್ರಶ್ನೆ ನಮ್ಮನ್ನು ಬಹಳ ಕಾಡಿತು: ಕಾಯಾಗುವ ಅಂಡಾಶಯ ಎಸಳುಗಳಿಗಿಂತ ಮೇಲಿದೆಯೋ, ಕೆಳಗಿದೆಯೋ? ಕೊನೆಗೆ ಅರ್ಥವಾದದ್ದು ಅಡಿಗೆಮನೆಯಲ್ಲಿ. ಬದನೆಕಾಯಿ ನೋಡಿ, ಹಸಿರು ಟೋಪಿ ತೊಟ್ಟಿನ ಕಡೆಗಿದೆ. ಅಂದರೆ ಕಾಯಿ ಹೂವಿನ ಮೇಲೆ ಕುಳಿತಿತ್ತು. ಸೀಬೆಹಣ್ಣು ನೋಡಿ, ಹೂವಿನ ಒಣಗಿದ ಉಳಿಕೆ ತೊಟ್ಟಿಗೆ ಎದುರಿನ ತುದಿಯಲ್ಲಿದೆ. ಅಂದರೆ ಕಾಯಿ ಹೂವಿನ ಕೆಳಗಿತ್ತು. ಕುಂಬಳದ ಹೆಣ್ಣು ಹೂವಿನ ಕೆಳಗೆ ಪುಟ್ಟ ಮಿಡಿ ಇರುವುದನ್ನು ನಾವೆಲ್ಲ ಹಿತ್ತಿಲಲ್ಲಿ ಕಂಡವರೇ.

ಈಗ ನಮಗೆ ಚೆನ್ನಾಗಿ ಪರಿಚಯವಾದ ಕೆಲವು ಮನೆತನಗಳನ್ನು ಹೇಳುತ್ತೇವೆ.

ಮೊದಲನೆಯದು ಸಾಸಿವೆ ಕುಟುಂಬ. ಫೆಬ್ರವರಿ ಮಾರ್ಚ್‌ನಲ್ಲಿ ಇಲ್ಲಿನ ಗುಡ್ಡಗಳು, ನಾಪಾ ಕಣಿವೆಯ ದ್ರಾಕ್ಷಿ ಸಾಲುಗಳು ಹಳದಿಯಾಗುತ್ತವಲ್ಲ, ಅದು ಬಹುತೇಕ ಸಾಸಿವೆಯ ಹೂ. ಅದೂ ನಮ್ಮ ಹಾಗೆ ಕಡಲಾಚೆಯಿಂದ ಬಂದದ್ದು. ನಾಲ್ಕು ಎಸಳು ಅಡ್ಡ ಉದ್ದ ಕೂಡಿದ ಹಾಗೆ. ಆರು ಕೇಸರ, ಅವುಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಈ ನಾಲ್ಕು-ಎರಡರ ಲೆಕ್ಕ ಸಿಕ್ಕಿತೆಂದರೆ ಅನುಮಾನವೇ ಬೇಡ. ಮೂಲಂಗಿ, ಎಲೆಕೋಸು, ಹೂಕೋಸು ಎಲ್ಲ ಇದೇ ಮನೆ. ಬೇಲಿ ಬದಿಯ ಕಾಡುಮೂಲಂಗಿಯ ನಸುನೇರಳೆ ಹೂವಿನಲ್ಲಿಯೂ ಇದೇ ಲೆಕ್ಕ.

ಎರಡನೆಯದು ಅವರೆ ಕುಟುಂಬ. ಹಿಂದೆ ಒಂದು ಅಗಲ ಎಸಳು ಪತಾಕೆಯಂತೆ, ಪಕ್ಕದಲ್ಲಿ ಎರಡು ರೆಕ್ಕೆಯಂತೆ, ಕೆಳಗೆ ಎರಡು ಕೂಡಿ ದೋಣಿಯಂತೆ. ತೊಗರಿ ಹೊಲ, ಅವರೆ ಚಪ್ಪರ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಲ್ಲಿನ ಗುಡ್ಡಗಳ ನೀಲಿ ಲುಪಿನ್ ಇದೇ ಮನೆಯದು. ಆದರೆ ಹಲವು ಕಾಡು ಲುಪಿನ್‌ಗಳ ಬೀಜ ವಿಷ. ಕಾಯಿ ಅವರೆಯ ಹಾಗಿದೆ ಎಂದು ಸಾರಿಗೆ ಹಾಕುವಂತಿಲ್ಲ!

ಮೂರನೆಯದು ದಾಸವಾಳದ ಕುಟುಂಬ. ಕೇಸರಗಳೆಲ್ಲ ಕೂಡಿ ನಡುವೆ ಒಂದು ಕೊಳವೆಯಾಗಿ ನಿಲ್ಲುವುದೇ ಇದರ ಗುರುತು. ಬೆಂಡೆ, ಹತ್ತಿ ಇದರವೇ. ಇನ್ನೊಂದು ಮನೆಗುಣ, ಲೋಳೆ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚಿದವರಿಗೂ ಬೆಂಡೆಕಾಯಿ ಹೆಚ್ಚಿದವರಿಗೂ ಅದು ಗೊತ್ತು. ನಮ್ಮ ಹುಲ್ಲುಹಾಸಿನಲ್ಲಿ ಕಳೆಯೆಂದು ಕಿತ್ತೆಸೆಯುತ್ತಿದ್ದ ದುಂಡೆಲೆಯ ಗಿಡ ಮ್ಯಾಲೋ. ಅದರ ಉಗುರಿನಷ್ಟು ಹೂವಿನೊಳಗೆ ಮಸೂರ ಇಟ್ಟು ನೋಡಿದರೆ, ಪುಟಾಣಿ ದಾಸವಾಳ!

ನಾಲ್ಕನೆಯದು ಸೇವಂತಿಗೆ ಕುಟುಂಬ. ಇದರಲ್ಲಿ ನಾವು ಒಂದು ಹೂ ಎಂದುಕೊಳ್ಳುವುದು ಒಂದು ಹೂವಲ್ಲ, ಒಂದು ಸಂತೆ. ಸೂರ್ಯಕಾಂತಿಯ ನಡುವಿನ ಒಂದೊಂದು ಚುಕ್ಕಿಯೂ ಒಂದು ಪೂರ್ಣ ಹೂವು. ಚೆಂಡುಹೂ, ಹುಚ್ಚೆಳ್ಳು, ನಮ್ಮೂರ ಹೊಲಗಳನ್ನು ಹಾಳುಗೆಡವಿದ ಪಾರ್ಥೇನಿಯಂ, ಇಲ್ಲಿನ ಡ್ಯಾಂಡಿಲಯನ್ ಎಲ್ಲ ಒಂದೇ ಮನೆ. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜಾತಿಗಳಿರುವ ಮಹಾ ಕುಟುಂಬ ಇದು.

ಐದನೆಯದು ಬದನೆ ಕುಟುಂಬ. ಐದು ಎಸಳು ಕೂಡಿಕೊಂಡ ಹೂ, ಐದು ಕೇಸರ. ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ ಇದರವು. ಆ ಮೂರೂ ಅಮೆರಿಕ ಖಂಡಗಳಿಂದ ನಮ್ಮೂರಿಗೆ ಬಂದವು ಎಂಬುದನ್ನು ಇಲ್ಲಿ ಕುಳಿತು ನೆನೆದರೆ ತಮಾಷೆಯೆನಿಸುತ್ತದೆ. ಶಿವನಿಗೆ ಏರಿಸುವ ಉಮ್ಮತ್ತಿಯೂ ಇದೇ ಮನೆ, ಅದು ಘೋರ ವಿಷ. ಅನ್ನ ಹಾಕುವವರೂ ಪ್ರಾಣ ತೆಗೆಯುವವರೂ ಒಂದೇ ಮನೆಯಲ್ಲಿ ಹುಟ್ಟುತ್ತಾರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹೆಮ್ಲಾಕಿನ ಕಥೆಯೂ ಅದೇ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಕ್ಯಾರೆಟ್ ಎಲ್ಲ ಒಂದು ಕುಟುಂಬ. ಕೊಡೆಯ ಕಡ್ಡಿಗಳ ಹಾಗೆ ಒಂದೇ ಬಿಂದುವಿನಿಂದ ಹೊರಟ ತೊಟ್ಟುಗಳ ತುದಿಯಲ್ಲಿ ಪುಟ್ಟ ಪುಟ್ಟ ಹೂಗಳು, ಸೀಳಿದ ಎಲೆ. ಹೆಮ್ಲಾಕ್ ಇದೇ ಮನೆಯ ಮಗ. ಅಂದರೆ ಅಮ್ಮ ಆ ದಿನ ಕುಟುಂಬವನ್ನು ಸರಿಯಾಗಿಯೇ ಹಿಡಿದಿದ್ದರು! ತಪ್ಪಿದ್ದು ಮನೆಯೊಳಗಿನ ವ್ಯಕ್ತಿಯನ್ನು ಗುರುತಿಸುವುದರಲ್ಲಿ. ಈ ಮಾತನ್ನು ಟೀಚರ್ ಹೇಳಿದಾಗ ನಮಗೆ ಬೆಳಕು ಹರಿಯಿತು. ಗುರುತು ಬರೆದಿಟ್ಟುಕೊಳ್ಳಿ: ಹೆಮ್ಲಾಕಿನ ದಂಟು ನುಣುಪು, ರೋಮವಿಲ್ಲ, ಒಳಗೆ ಪೊಳ್ಳು, ಮೇಲೆ ನೇರಳೆ ಮಚ್ಚೆ, ಹೂ ಬಿಳಿ, ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ. ಕಾಡು ಕ್ಯಾರೆಟ್ಟಿನ ದಂಟಿಗೆ ರೋಮವಿದೆ. ರಸ್ತೆ ಬದಿಯ ಕಾಡು ಸೋಂಪಿನ ಹೂ ಹಳದಿ, ಎಲೆ ದಾರದಂತೆ, ವಾಸನೆ ಸೋಂಪಿನದೇ. ಆದರೂ ಒಂದು ಸಂಗತಿ. ಎಳೆಯ ಹೆಮ್ಲಾಕಿನಲ್ಲಿ ಮಚ್ಚೆ ಸರಿಯಾಗಿ ಕಾಣದೆಯೂ ಇರಬಹುದು. ಸೋಂಪು ಮತ್ತು ಹೆಮ್ಲಾಕ್ ಒಂದೇ ಪೊದೆಯಲ್ಲಿ ಹೆಣೆದುಕೊಂಡು ಬೆಳೆಯುವುದೂ ಉಂಟು. ಆದ್ದರಿಂದ ಈ ಕುಟುಂಬದ ಕಾಡುಗಿಡವನ್ನು ನಾವು ಬಾಯಿಗೆ ಹಾಕುವುದೇ ಇಲ್ಲ. ಯಾರಾದರೂ ತಪ್ಪಿ ತಿಂದರೆ ಲಕ್ಷಣಕ್ಕೆ ಕಾಯದೆ ಕರೆಯಬೇಕಾದ ಅಮೆರಿಕದ ಪಾಯ್ಸನ್ ಹೆಲ್ಪ್ ಸಂಖ್ಯೆ 1-800-222-1222. ಉಸಿರಾಟಕ್ಕೆ ತೊಂದರೆ ಕಂಡರೆ ನೇರವಾಗಿ 911.

ಕುಟುಂಬದ ಗುರುತುಗಳಿಗೂ ಮಿತಿ ಇದೆ ಎಂಬುದನ್ನು ತುಳಸಿ ಕುಟುಂಬ ಕಲಿಸಿತು. ಚೌಕನೆಯ ದಂಟು, ಎದುರುಬದುರು ಎಲೆ, ಮೇಲೊಂದು ಕೆಳಗೊಂದು ತುಟಿಯಿರುವ ಹೂ. ತುಳಸಿ, ತುಂಬೆ, ದೊಡ್ಡಪತ್ರೆ, ಪುದೀನ ಎಲ್ಲ ಇವೆ. ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ 1847ರವರೆಗೆ ಇದ್ದ ಹೆಸರು ಯೆರ್ಬಾ ಬ್ಯೂನಾ. ಅದು ಈ ಕುಟುಂಬಕ್ಕೆ ಸೇರಿದ, ನೆಲದ ಮೇಲೆ ಹರಡುವ ಒಂದು ಸುವಾಸನೆಯ ಗಿಡದ ಹೆಸರೇ. ರೆಡ್‌ವುಡ್ ಸಿಟಿಯ ಬಳಿಯ ಎಡ್ಜ್‌ವುಡ್ ಪಾರ್ಕಿನ ಸರ್ಪೆಂಟೈನ್ ಮಣ್ಣಿನಲ್ಲಿ ಬದುಕಿರುವ, ಅಳಿವಿನ ಅಂಚಿನಲ್ಲಿರುವ ಸ್ಯಾನ್ ಮಟೇಯೊ ಥಾರ್ನ್‌ಮಿಂಟ್ ಕೂಡ ಇದೇ ಮನೆಯ ಕೂಸು. ನಾವು ಇದನ್ನೆಲ್ಲ ಕಲಿತ ಹುಮ್ಮಸ್ಸಿನಲ್ಲಿ ತೊರೆ ಬದಿಯ ಗಿಡವೊಂದರ ಚೌಕನೆಯ ದಂಟು ಹಿಡಿದು "ತುಳಸಿ ಕುಟುಂಬ!" ಎಂದು ಕೂಗಿದೆವು. ಟೀಚರ್ ನಕ್ಕರು. ಅದು ಫಿಗ್‌ವರ್ಟ್, ಬೇರೆ ಮನೆತನ. ಒಂದೇ ಗುರುತು ನೋಡಿ ತೀರ್ಪು ಕೊಡಬಾರದು, ಮೂರಾದರೂ ಹೊಂದಬೇಕು ಎಂಬುದು ಅಂದಿನ ಪಾಠ.

ಇಷ್ಟಾದ ಮೇಲೆ ನಾವು ಅಮ್ಮನನ್ನು ಬಲವಂತವಾಗಿ ಕರೆದುಕೊಂಡು ಹೊರಟೆವು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮೊಮ್ಮಗಳ ಶೂ. ಮೊದಮೊದಲು ಕೈ ಕಟ್ಟಿಕೊಂಡೇ ನಡೆದರು. ಮರಗಳ ನೆರಳಲ್ಲಿ, ಗೆಣ್ಣು ಗೆಣ್ಣಿಗೆ ನಸುಗೆಂಪು ಹೂ ಸುತ್ತಿಕೊಂಡ ಹೆಡ್ಜ್ ನೆಟಲ್ ಗಿಡದ ಹತ್ತಿರ ನಿಂತುಬಿಟ್ಟರು. ಕೀಳಲಿಲ್ಲ. ಎರಡು ಬೆರಳಲ್ಲಿ ದಂಟನ್ನು ಹೊರಳಿಸಿ ನೋಡಿ, ಎಲೆ ಸವರಿ ಕೈ ಮೂಸಿಕೊಂಡು, "ಇದು ನಮ್ ತುಂಬೆ ಪೈಕಿ ಕಣ್ರೋ" ಎಂದರು. ನಾವು ಇಂಗ್ಲಿಷಿನಲ್ಲಿ ಹೇಳಿದಾಗ ಟೀಚರ್ ಚಪ್ಪಾಳೆ ತಟ್ಟಿದರು. ನಾವು ಎಂಟು ವಾರದಲ್ಲಿ ಕಲಿತದ್ದನ್ನು ಅವರು ಎಂಟು ಕ್ಷಣದಲ್ಲಿ ಹೇಳಿದ್ದರು!

ಸ್ವಲ್ಪ ಮುಂದೆ ಪಾಯ್ಸನ್ ಓಕ್ ಇತ್ತು. ಮೂರು ಮೂರು ಎಲೆ, ಮುಟ್ಟಿದರೆ ಮೈಯೆಲ್ಲ ಬೊಬ್ಬೆ. ಹೆಸರಿನಲ್ಲಿ ಓಕ್ ಇದ್ದರೂ ಅದು ಮಾವು, ಗೇರು, ಪಿಸ್ತಾಗಳ ಕುಟುಂಬದ್ದು ಎಂದು ನಾವು ವಿವರಿಸಿದೆವು. ಅಮ್ಮ ಕ್ಷಣ ಯೋಚಿಸಿ, "ಮಾವಿನ ಪೈಕಿ ಅಂದ್ರೆ ಸೊನೆ ಇರಬೇಕಲ್ಲ, ಸೊನೆ ತಾಗಿದ್ರೆ ಸುಡದೆ ಬಿಡ್ತದಾ?" ಎಂದರು. ಸರಿಯಾದ ಮಾತು. ಅದರ ರಸದಲ್ಲಿರುವ ಉರುಷಿಯಾಲ್ ಎಂಬ ವಸ್ತುವೇ ಬೊಬ್ಬೆಗೆ ಕಾರಣ. ಅದೇ ಜಾತಿಯ ವಸ್ತುಗಳು ಮಾವಿನ ಸೊನೆಯಲ್ಲಿಯೂ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿಯೂ ಇವೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಕಾಯಿಯೂ ಇದೇ ಮನೆ. ಪಾಯ್ಸನ್ ಓಕ್ ತಾಗಿ ಮೈ ಒಗ್ಗದಂತಾದ ಕೆಲವರಿಗೆ ಮಾವಿನ ಹಣ್ಣಿನ ಸಿಪ್ಪೆಯೂ ತುರಿಕೆ ತರುವುದುಂಟು. ಹುಟ್ಟಿದಾರಭ್ಯ ಕಾಣದ ಗಿಡದ ಗುಣವನ್ನು ಅಮ್ಮ ಅದರ ನೆಂಟರಿಂದ ಊಹಿಸಿದ್ದರು. ಕುಟುಂಬ ಕಲಿಯುವುದರ ಲಾಭ ಇದೇ ಎಂದು ಟೀಚರ್ ಅಂದರು.

ಇಲ್ಲಿ ನಮಗೆ ಬಿ.ಜಿ.ಎಲ್. ಸ್ವಾಮಿಯವರು ನೆನಪಾಗದೆ ಇರಲಿಲ್ಲ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಅವರು ಬರೆದ 'ಹಸುರು ಹೊನ್ನು' 1976ರಲ್ಲಿ ಬಂತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದ್ದ ವಿಜ್ಞಾನಿ ಅವರು. ಸಸ್ಯಶಾಸ್ತ್ರವನ್ನು ಕನ್ನಡದಲ್ಲಿ ನಗುನಗುತ್ತ ಹೇಳಬಹುದು ಎಂದು ತೋರಿಸಿದರು. ನಮ್ಮ ಕೂಟದ ಹಲವರ ಕಪಾಟಿನಲ್ಲಿ ಆ ಪುಸ್ತಕ ಇದೆ. ಅದನ್ನು ಕಾರಿನಲ್ಲಿ ಇಟ್ಟುಕೊಂಡು ಗುಡ್ಡಕ್ಕೆ ಹೋಗಿ ಎಂಬುದು ನಮ್ಮ ಸಲಹೆ.

ಶುರುಮಾಡಲು ಬಹಳ ಬೇಕಿಲ್ಲ. ಒಂದು ಹತ್ತುಪಟ್ಟಿನ ಮಸೂರ, ಒಂದು ನೋಟ್‌ಬುಕ್, ಫೆಬ್ರವರಿಯಿಂದ ಮೇ ವರೆಗಿನ ಶನಿವಾರಗಳು. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಆದ್ದರಿಂದ ನಮ್ಮೂರ ಲೆಕ್ಕಕ್ಕೆ ಎಲ್ಲ ತಿರುಗುಮುರುಗು. 1965ರಿಂದ ಇರುವ ಕ್ಯಾಲಿಫೋರ್ನಿಯಾ ನೇಟಿವ್ ಪ್ಲಾಂಟ್ ಸೊಸೈಟಿಯ ಶಾಖೆಗಳು ಹೂ ನೋಡುವ ನಡಿಗೆಗಳನ್ನು ಏರ್ಪಡಿಸುತ್ತವೆ. ಥಾಮಸ್ ಎಲ್ಪೆಲ್ ಅವರ 'ಬಾಟನಿ ಇನ್ ಎ ಡೇ' ಪುಸ್ತಕ ಕುಟುಂಬಗಳ ಮೂಲಕವೇ ಪಾಠ ಹೇಳುತ್ತದೆ. ಪಾರ್ಕುಗಳಲ್ಲಿ ಹೂ ಕೀಳುವುದು ನಿಷಿದ್ಧ. ಬಗ್ಗಿ ನೋಡಬೇಕು, ಮಂಡಿ ನೋವು ಗ್ಯಾರಂಟಿ! ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಮನೆಯ ಮಸಾಲೆ ಡಬ್ಬಿಯೇ ಮೊದಲ ಪಾಠ: ಸಾಸಿವೆ ಯಾರ ಪೈಕಿ, ಜೀರಿಗೆ ಯಾರ ಪೈಕಿ, ಮೆಣಸಿನಕಾಯಿ ಯಾರ ಪೈಕಿ ಎಂದು ಕೇಳಿ. ಕನ್ನಡದ ಹೆಸರುಗಳೂ ಹಾಗೆಯೇ ಅವರ ಬಾಯಿಗೆ ಬರುತ್ತವೆ.

ಅಮ್ಮ ಊರಿಗೆ ಹಿಂತಿರುಗುವ ಹಿಂದಿನ ವಾರ ಮತ್ತೆ ತೊರೆಯ ದಂಡೆಗೆ ವಾಕಿಂಗ್ ಹೊರಟಿದ್ದರು, ಮೊಮ್ಮಗಳ ಕೈ ಹಿಡಿದು. ಆಳೆತ್ತರ ಬೆಳೆದು ಬಿಳಿ ಹೂ ಬಿಟ್ಟಿದ್ದ ಹೆಮ್ಲಾಕಿನ ಮುಂದೆ ನಿಂತು ಹುಡುಗಿಗೆ ಹೇಳುತ್ತಿದ್ದರಂತೆ, "ಇವನು ಕೊತ್ತಂಬರಿ ಮನೆಯವನೇ, ಆದ್ರೆ ಕೆಟ್ಟೋನು. ಮಾತಾಡಿಸ್ಬೇಡ, ದೂರದಿಂದ ನೋಡು." ಹುಡುಗಿ ಅದನ್ನು ಶಾಲೆಯ ಗೆಳತಿಯರಿಗೆಲ್ಲ ಇಂಗ್ಲಿಷಿನಲ್ಲಿ ಹೇಳಿಕೊಟ್ಟಿದ್ದಾಳೆ.

ಬರುವ ಮಾರ್ಚ್‌ನಲ್ಲಿ ನಾವು ಮತ್ತೆ ಗುಡ್ಡಕ್ಕೆ ಹೊರಡುತ್ತೇವೆ. ಬರುವವರು ಕೂಟದಲ್ಲಿ ಸಿಕ್ಕಾಗ ಒಂದು ಮಾತು ತಿಳಿಸಿ. ಬುತ್ತಿ ನಿಮ್ಮದು, ಮಸೂರ ನಮ್ಮದು. ಸೊಪ್ಪು ಮಾತ್ರ ಅಂಗಡಿಯದು!